ರಕ್ಷಣೆ ಹೊಂದಿದ ಮೇಲೂ ಪಾಪಿಯೇ?

ಕನಕಪುರ ತಾಲ್ಲೂಕಿನ ಹಾರೋಬೆಲೆ ಅರ್ಕಾವತಿ ನದಿಯ ದಂಡೆಯ ಊರು. ಅಲ್ಲಿನ ಜಲಾಶಯದ ದೆಸೆಯಿಂದ ಈ ಹೆಸರು ಕೇಳದವರು ನಮ್ಮ ಸೀಮೆಯಲ್ಲಿ ಕಡಿಮೆ. ಕನ್ನಡವೇ ಮನೆಮಾತಾದ ಕಥೋಲಿಕ ಕ್ರೈಸ್ತರು ತಲೆತಲಾಂತರದಿಂದ ಬಾಳುತ್ತಿರುವ ಹಳ್ಳಿ ಇದು. ಶುಭ ಶುಕ್ರವಾರ ಬಂತೆಂದರೆ ಜನ ಶಿಲುಬೆಯ ಹಾದಿಯ ಪ್ರಾರ್ಥನೆ ಹೇಳುತ್ತ ಪಕ್ಕದ ಕಪಾಲಬೆಟ್ಟವನ್ನು ಹತ್ತುತ್ತಾರೆ. ಏಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೆ ಕಪಾಲದ ಸ್ಥಳ ಎಂದೇ ಅರ್ಥ. ಊರಿನವರೇ ವೇಷ ಕಟ್ಟಿ ಆಡುವ ಏಸುವಿನ ಯಾತನೆಯ ನಾಟಕ ‘ಮಹಿಮೆ’ ಈ ಊರಿನ ಹೆಮ್ಮೆ.

ಆ ಕಥೆಯನ್ನು ಎಲ್ಲಿ ಆಡಿದರೂ ಒಂದು ಸಂದರ್ಭ ತಪ್ಪುವುದಿಲ್ಲ. ಏಸುವನ್ನು ಹಿಡಿದೊಯ್ದ ರಾತ್ರಿ, ಅಂಗಳದಲ್ಲಿ ಬೆಂಕಿ ಕಾಯಿಸುತ್ತ ನಿಂತ ಪೇತ್ರನನ್ನು ಒಬ್ಬ ಕೆಲಸದ ಹುಡುಗಿ ಗುರುತಿಸುತ್ತಾಳೆ. ಆತ ತನಗೆ ಏಸುವಿನ ಪರಿಚಯವೇ ಇಲ್ಲವೆನ್ನುತ್ತಾನೆ. ಒಮ್ಮೆಯಲ್ಲ, ಮೂರು ಸಲ. ಅಷ್ಟರಲ್ಲಿ ಕೋಳಿ ಕೂಗುತ್ತದೆ. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅಳುತ್ತಾನೆ.

ಈತ ದಾರಿಹೋಕನಲ್ಲ, ಗುರುವಿನ ಜೊತೆಯಲ್ಲೇ ಉಂಡು ಮಲಗಿದ ಶಿಷ್ಯ. ಮುಂದೆ ಸಭೆಗೇ ಹಿರಿಯನಾದವನು. ಅಂಥವನೇ ಜಾರಿದರೆ ಉಳಿದವರ ಪಾಡೇನು? ಏಸುವಿನಲ್ಲಿ ನಂಬಿಕೆಯಿಟ್ಟು ರಕ್ಷಣೆ ಹೊಂದಿದವನನ್ನು ಇನ್ನೂ ಪಾಪಿ ಎನ್ನಬೇಕೇ? ಪಾಪಿಯೇ ಎಂದಾದರೆ ರಕ್ಷಣೆಯಿಂದ ಸಿಕ್ಕಿದ್ದೇನು? ಅಲ್ಲ ಎಂದಾದರೆ ಆತ ಮತ್ತೆ ಮತ್ತೆ ತಪ್ಪು ಮಾಡುವುದೇಕೆ?

ಇದು ಪಾದ್ರಿಗಳು ಮಾತ್ರ ಚರ್ಚಿಸಿಕೊಳ್ಳಬೇಕಾದ ವಿಷಯವೆಂದು ತೋರಬಹುದು. ಆದರೆ ತಪ್ಪು ಮಾಡಿದ ಮಗು ತನ್ನ ಬಗ್ಗೆ ಏನೆಂದುಕೊಳ್ಳಬೇಕು, ತಂದೆತಾಯಿ ಅದನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆಯೂ ಇದರಲ್ಲೇ ಅಡಗಿದೆ.

ಶಾಸ್ತ್ರದಲ್ಲೇ ಎರಡು ಮಾತು

ತೊಡಕು ಬೈಬಲ್ಲಿನಿಂದಲೇ ಶುರುವಾಗುತ್ತದೆ. ಯೋವಾನ್ನನ ಮೊದಲ ಪತ್ರದ ಆರಂಭದಲ್ಲಿ, ತನ್ನಲ್ಲಿ ಪಾಪವೇ ಇಲ್ಲವೆನ್ನುವವನು ತನ್ನನ್ನೇ ವಂಚಿಸಿಕೊಳ್ಳುತ್ತಾನೆ ಎಂಬ ಅರ್ಥದ ಮಾತಿದೆ. ಅದೇ ಪತ್ರದ 3ನೆಯ ಅಧ್ಯಾಯದಲ್ಲಿ, ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ ಎಂಬ ಮಾತೂ ಇದೆ. ಸಂತ ಪೌಲ ರೋಮನರಿಗೆ ಬರೆದ ಪತ್ರದ 7ನೆಯ ಅಧ್ಯಾಯದಲ್ಲಿ, ಬೇಕೆಂದ ಒಳ್ಳೆಯದನ್ನು ಮಾಡಲಾಗದೆ ಬೇಡವೆಂದ ಕೆಟ್ಟದ್ದನ್ನೇ ಮಾಡುವ ಮನುಷ್ಯನ ಒದ್ದಾಟವನ್ನು ‘ನಾನು’ ಎಂದೇ ಹೇಳಿಕೊಳ್ಳುತ್ತಾನೆ. ಅದು ನಂಬುವ ಮೊದಲಿನ ಪೌಲನೋ ನಂಬಿದ ಮೇಲಿನ ಪೌಲನೋ ಎಂಬ ವಾದ ಇಂದಿಗೂ ಮುಗಿದಿಲ್ಲ.

ಪೇತ್ರನ ಕಥೆಯೂ ಆ ರಾತ್ರಿಗೆ ಮುಗಿಯಲಿಲ್ಲ. ಪವಿತ್ರಾತ್ಮನ ವರ ಪಡೆದು ಸಭೆಯ ಹಿರಿಯನಾದ ಮೇಲೂ ಆತ ಇನ್ನೊಮ್ಮೆ ಎಡವಿದ. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟಕ್ಕೆ ಕೂರುತ್ತಿದ್ದವನು, ತನ್ನ ಕಡೆಯ ಕೆಲವರು ಬಂದೊಡನೆ ಅಂಜಿ ಪಂಕ್ತಿಯಿಂದ ಹಿಂದೆ ಸರಿದ. ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಪಂಕ್ತಿಭೇದದ ನೋವು ಗೊತ್ತಿರುವ ನಮ್ಮ ನಾಡಿನಲ್ಲಿ ಈ ಪ್ರಸಂಗಕ್ಕೆ ಹೆಚ್ಚಿನ ವಿವರಣೆ ಬೇಕಿಲ್ಲ. ದಕ್ಷಿಣ ಭಾರತದ ಚರ್ಚುಗಳಲ್ಲೂ ಜಾತಿಗೊಂದು ಜಾಗ ಎಂದು ಬೇರೆ ಬೇರೆ ಕೂರಿಸುತ್ತಿದ್ದ ಕಾಲವಿತ್ತು. ಆ ಚರ್ಚುಗಳಲ್ಲಿ ಕೂತವರೆಲ್ಲ ರಕ್ಷಣೆಯ ಮಾತನ್ನು ಕೇಳಿದವರೇ.

ಬಿದ್ದವರನ್ನು ಏನು ಮಾಡಬೇಕು?

ಆದಿ ಸಭೆಗೆ ಈ ಪ್ರಶ್ನೆ ಪ್ರಾಣಸಂಕಟವಾಗಿ ಎದುರಾಯಿತು. ಕ್ರಿ.ಶ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೇಸಿಯಸ್, ಎಲ್ಲರೂ ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಮಾಡಿದ. ಕೆಲವರು ಒಪ್ಪದೆ ಸತ್ತರು. ಬಹಳ ಮಂದಿ ಹೆದರಿ ಒಪ್ಪಿದರು. ಕಿರುಕುಳ ತಣ್ಣಗಾದ ಮೇಲೆ ಇವರು ಚರ್ಚಿನ ಬಾಗಿಲಿಗೆ ಮರಳಿದರು. ಸೇರಿಸಿಕೊಳ್ಳಬಾರದು ಎಂದು ರೋಮಿನ ನೊವೇಷಿಯನ್ ಹಟ ಹಿಡಿದ. ಪಶ್ಚಾತ್ತಾಪಪಟ್ಟು ಪ್ರಾಯಶ್ಚಿತ್ತ ಮಾಡಿಕೊಂಡವರಿಗೆ ಬಾಗಿಲು ತೆರೆಯಬೇಕು ಎಂಬ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮೊದಲಾದವರ ನಿಲುವು ಉಳಿದುಕೊಂಡಿತು.

ದೀಕ್ಷಾಸ್ನಾನವಾದ ಮೇಲೆ ಮಾಡಿದ ಪಾಪಕ್ಕೆ ಕ್ಷಮೆ ಸಿಗುವುದು ಕಷ್ಟವೆಂಬ ಭಯದಿಂದ ಅದನ್ನು ಮುಂದೂಡುವವರೂ ಆಗ ಇದ್ದರು. ಕಾನ್‌ಸ್ಟಂಟೈನ್ ಚಕ್ರವರ್ತಿ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವು ಹತ್ತಿರವಾದಾಗ.

ಇದೇ ಪ್ರಶ್ನೆ ನಮ್ಮ ಮೈಸೂರು ಸೀಮೆಗೂ ಬಂತು. 17ನೆಯ ಶತಮಾನದ ನಡುಭಾಗದಲ್ಲಿ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಮೊದಲಾದ ಜೆಸ್ವಿಟ್ ಪಾದ್ರಿಗಳು ಶ್ರೀರಂಗಪಟ್ಟಣದಲ್ಲಿ ಮಿಷನ್ ಆರಂಭಿಸಿ, ಕನ್ನಡ ಕಲಿತು ಧರ್ಮಬೋಧೆ ಮಾಡಿದ್ದರು. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಸಾವಿರಾರು ಕ್ರೈಸ್ತರನ್ನು ಅದೇ ಶ್ರೀರಂಗಪಟ್ಟಣಕ್ಕೆ ಸೆರೆ ತಂದ. ಅನೇಕರು ಒತ್ತಾಯಕ್ಕೆ ಸಿಕ್ಕಿ ತಮ್ಮ ಧರ್ಮ ಬಿಡಬೇಕಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದುರಿಹೋದ ಸಮುದಾಯವನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ. ಜನ ಅವರನ್ನು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಗ್ರಂಥ ಹೆಸರಾದದ್ದು. ಆದರೆ ಬಲವಂತಕ್ಕೆ ಬಗ್ಗಿದವರನ್ನು ಮತ್ತೆ ಸಭೆಯೊಳಕ್ಕೆ ಬರಮಾಡಿಕೊಂಡ ಅವರ ಕೆಲಸ ಅಷ್ಟು ಪ್ರಸಿದ್ಧವಲ್ಲ. ಬಿದ್ದವನನ್ನು ಹೊರಗೇ ಬಿಡಲಿಲ್ಲ, ಎತ್ತಿ ಒಳಗೆ ಕರೆದುಕೊಂಡರು.

ಅರಗಿನ ಬಣ್ಣ, ಮರದ ಹದ

ಹದಿನಾರನೆಯ ಶತಮಾನದಲ್ಲಿ ಕ್ರೈಸ್ತಲೋಕ ಒಡೆದಾಗ ಈ ವಿಷಯವೂ ಜಗಳದ ನಡುವೆ ಬಂತು. ಜರ್ಮನಿಯ ಮಾರ್ಟಿನ್ ಲೂಥರ್ ಪ್ರಕಾರ, ನಂಬಿದವನು ಏಕಕಾಲಕ್ಕೆ ನೀತಿವಂತನೂ ಹೌದು, ಪಾಪಿಯೂ ಹೌದು. ದೇವರು ಅವನನ್ನು ಕ್ರಿಸ್ತನ ನೀತಿಯನ್ನು ಹೊದ್ದವನಂತೆ ಕಾಣುತ್ತಾನೆ. ಆದರೆ ಅವನು ತನ್ನನ್ನು ತಾನು ನೋಡಿಕೊಂಡರೆ ಪಾಪ ಕಾಣುತ್ತಲೇ ಇರುತ್ತದೆ. ಕಥೋಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಬೇರೆ ರೀತಿ ಹೇಳಿತು. ದೇವರ ಕೃಪೆ ಮನುಷ್ಯನನ್ನು ಒಳಗಿನಿಂದಲೇ ಹೊಸಬನನ್ನಾಗಿ ಮಾಡುತ್ತದೆ. ಕೆಟ್ಟದ್ದರ ಕಡೆಗೆ ವಾಲುವ ಚಪಲ ಉಳಿದಿರುತ್ತದೆ, ನಿಜ. ಆದರೆ ಅದಕ್ಕೆ ಮನಸ್ಸು ಒಪ್ಪದ ಹೊರತು ಆ ಚಪಲವೇ ಪಾಪವಲ್ಲ. ಘೋರ ಪಾಪ ಮಾಡಿದವನು ಕೃಪೆಯನ್ನು ಕಳೆದುಕೊಳ್ಳುತ್ತಾನೆ. ಪಾಪನಿವೇದನೆಯ ಮೂಲಕ ಅದನ್ನು ಮರಳಿ ಪಡೆಯುತ್ತಾನೆ.

ಚನ್ನಪಟ್ಟಣದ ಬೊಂಬೆ ಮಾಡುವುದನ್ನು ನೋಡಿದವರಿಗೆ ಈ ಭೇದ ಸುಲಭವಾಗಿ ತಿಳಿಯುತ್ತದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಅರಗು ಕರಗಿ ಮೈಗೆಲ್ಲ ಬಣ್ಣ ಕೂರುತ್ತದೆ. ಕಣ್ಣಿಗೆ ಕಾಣುವುದು ಆ ಹೊದಿಕೆಯೇ. ಲೂಥರ್ ಒತ್ತಿ ಹೇಳಿದ್ದು ಇದನ್ನು. ಆದರೆ ಮರ ಹಸಿಯಾಗಿದ್ದರೆ ಬೊಂಬೆ ಬಿರುಕು ಬಿಡುತ್ತದೆ. ಮೊದಲು ಅದನ್ನು ಒಣಗಿಸಿ ಹದಕ್ಕೆ ತರಬೇಕು. ಟ್ರೆಂಟ್ ಒತ್ತಿ ಹೇಳಿದ್ದು ಒಳಗಿನ ಈ ಹದವನ್ನು. ಉಪಮೆಗೂ ಒಂದು ಮಿತಿಯುಂಟು: ಲೂಥರನೂ ಹೃದಯ ಬದಲಾಗುವುದಿಲ್ಲ ಎಂದವನಲ್ಲ, ಟ್ರೆಂಟಿನವರೂ ಕ್ರಿಸ್ತನ ಹೊರತು ನೀತಿ ಸಿಗುತ್ತದೆ ಎಂದವರಲ್ಲ.

ಮೂರನೆಯ ದನಿ ಇಂಗ್ಲೆಂಡಿನ ಜಾನ್ ವೆಸ್ಲಿಯದು. ಅವರ ಅನುಯಾಯಿಗಳ ಮಿಷನ್ ಮೈಸೂರು ಸಂಸ್ಥಾನದಲ್ಲಿ ಶಾಲೆ, ಆಸ್ಪತ್ರೆ, ಅಚ್ಚುಕೂಟಗಳನ್ನು ನಡೆಸಿತು. 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋಯಿತು. ವಿಶ್ವಾಸಿ ಪವಿತ್ರತೆಯಲ್ಲಿ ಬೆಳೆಯುತ್ತ ಬೆಳೆಯುತ್ತ, ಗೊತ್ತಿದ್ದೂ ತಪ್ಪು ಮಾಡದಂಥ ಪ್ರೀತಿಯ ಸ್ಥಿತಿಯನ್ನು ಈ ಬದುಕಿನಲ್ಲೇ ಮುಟ್ಟಬಹುದು ಎಂಬುದು ವೆಸ್ಲಿಯ ಬೋಧೆ. ಆದರೆ ಅಂಥವರೂ ಅರಿಯದೆ ತಪ್ಪುತ್ತಾರೆ, ಅವರಿಗೂ ಕ್ಷಮೆ ಬೇಕು ಎಂದು ಅವರು ಸೇರಿಸಿದರು.

ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತರಿಗೆ ವೆಸ್ಲಿಯ ಮಾತು ಹತ್ತಿರವಾದೀತು. ಮಾಗಡಿಯಾಗಲಿ ಕನಕಪುರವಾಗಲಿ, ಹುಳು ಸಾಕುವವರು ‘ಜ್ವರ’ ಎನ್ನುವುದು ಹುಳು ಪೊರೆ ಬಿಡುವ ಹೊತ್ತಿಗೆ. ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂತ ಹುಳು ಹಳೆಯ ಪೊರೆ ಕಳಚಿ ಏಳುತ್ತದೆ. ಒಂದೇ ಜ್ವರಕ್ಕೆ ಗೂಡು ಕಟ್ಟುವುದಿಲ್ಲ. ನಾಲ್ಕು ಜ್ವರ ದಾಟಬೇಕು. ಮೊದಲನೆಯ ಜ್ವರದಲ್ಲಿರುವ ಹುಳುವನ್ನು ಗೂಡು ಕಟ್ಟಿಲ್ಲವೆಂದು ಯಾರೂ ಎಸೆಯುವುದಿಲ್ಲ.

ನಾನೂರೈವತ್ತು ವರ್ಷದ ಮೇಲೆ

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟದ ಪ್ರತಿನಿಧಿಗಳು ನೀತೀಕರಣದ ಬಗ್ಗೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೊಡಿಸ್ಟರೂ ಸೇರಿದರು. ಉದ್ಧಾರವಾದವನು ಪಾಪಿಯೇ ಎಂಬ ವಿಷಯಕ್ಕೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ಉಳಿದಿರುವ ಆ ಚಪಲಕ್ಕೆ ಪಾಪವೆಂದು ಹೆಸರಿಡಬೇಕೇ ಬೇಡವೇ ಎಂಬುದರಲ್ಲಿ ಭೇದ ಉಳಿಯಿತು. ಆದರೆ ರಕ್ಷಣೆ ಹೊಂದಿದವನೂ ಜೀವಮಾನವಿಡೀ ಪಾಪದ ವಿರುದ್ಧ ಹೋರಾಡಬೇಕು, ದಿನದಿನವೂ ಕ್ಷಮೆ ಕೇಳಬೇಕು ಎಂಬುದರಲ್ಲಿ ಎಲ್ಲರೂ ಒಂದಾದರು. ಏಸು ಕಲಿಸಿದ ಪ್ರಾರ್ಥನೆಯಲ್ಲೇ ಅನ್ನದ ಕೋರಿಕೆಯ ಬೆನ್ನಿಗೆ ಕ್ಷಮೆಯ ಕೋರಿಕೆ ಇದೆಯಲ್ಲ! ಹಸಿವಿನಂತೆ ಅದೂ ನಿತ್ಯದ್ದು.

ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗಬಲ್ಲುದೇ ಎಂಬ ಬಗ್ಗೆ ಮಾತ್ರ ಸಭೆಗಳು ಇನ್ನೂ ಒಂದಾಗಿಲ್ಲ. ಇಂಥ ಚರ್ಚೆ ನಮ್ಮ ಮಣ್ಣಿಗೆ ಹೊಸದಲ್ಲ. ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ಹೋಗುವ ಶ್ರೀವೈಷ್ಣವ ಹಿರಿಯರನ್ನು ಕೇಳಿದರೆ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳನ್ನು ವಿವರಿಸಿಯಾರು. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ವಡಗಲೆಯವರು ಮೊದಲನೆಯದನ್ನು, ತೆಂಗಲೆಯವರು ಎರಡನೆಯದನ್ನು ಹಿಡಿದರು. ಕ್ರೈಸ್ತರಲ್ಲೂ ಎರಡೂ ಬಗೆಯವರಿದ್ದಾರೆ.

ಮನೆಯ ಮಾತು

ಈಗ ಊಹಿಸಿಕೊಳ್ಳಿ. ಹತ್ತನೆಯ ತರಗತಿಯ ಹುಡುಗನೊಬ್ಬ ಪರೀಕ್ಷೆಯಲ್ಲಿ ಕಾಪಿ ಮಾಡಿದ. ಯಾರಿಗೂ ಸಿಕ್ಕಿಬೀಳಲಿಲ್ಲ. ಮನೆಗೆ ಬಂದು ತಾನೇ ಹೇಳಿದ. “ಚರ್ಚಿಗೋಗೋ ಮಗ ನೀನು, ಹಿಂಗ್ ಮಾಡ್ಬೋದಾ?” ಎಂದು ತಾಯಿ ಕಣ್ಣೀರು ಹಾಕಿದಳು. ಆ ಜಾಗದಲ್ಲಿ ಚರ್ಚಿನ ಬದಲು ಗುಡಿಯನ್ನೋ ಮಸೀದಿಯನ್ನೋ ಇಟ್ಟರೂ ಮಾತು ಅದೇ.

ಆ ಹುಡುಗನ ಮುಂದೆ ಎರಡು ಹಳ್ಳಗಳಿವೆ. ನಾನು ಕೆಟ್ಟವನೇ, ನನ್ನ ನಂಬಿಕೆಯೇ ಸುಳ್ಳು ಎಂದು ಕುಸಿಯುವುದು ಒಂದು. ದೇವರು ಹೇಗೂ ಕ್ಷಮಿಸುತ್ತಾನೆ, ಬಿಡು ಎಂದು ಹಗುರಾಗುವುದು ಇನ್ನೊಂದು. ರಕ್ಷಣೆ ಹೊಂದಿದವನಲ್ಲಿ ಪಾಪವೇ ಇಲ್ಲವೆಂದು ಕಲಿಸಿದರೆ ಮಗು ತಪ್ಪನ್ನು ಬಚ್ಚಿಡುವುದನ್ನು ಕಲಿಯುತ್ತದೆ. ದೊಡ್ಡವರ ಸಂಸ್ಥೆಗಳೂ ಹಾಗೆಯೇ ಮಾಡುತ್ತವೆ. ನೀನು ಪಾಪಿಯೇ ಎಂದು ದಿನವೂ ಚುಚ್ಚಿದರೆ ಏಳುವ ಆಸೆಯೇ ಬತ್ತುತ್ತದೆ. ಪೌಲ ಎರಡನೆಯ ಹಳ್ಳವನ್ನೂ ಮುಚ್ಚಿದ್ದಾನೆ: ಕೃಪೆ ಹೆಚ್ಚಲೆಂದು ಪಾಪ ಮಾಡುತ್ತಲೇ ಇರೋಣವೇ ಎಂಬ ಕೊಂಕು ಪ್ರಶ್ನೆಗೆ ಅವನ ಉತ್ತರ ಖಂಡಿತ ಕೂಡದು ಎಂಬುದೇ.

ಕ್ಷಮೆ ಕೇಳಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ ಎಂಬುದಕ್ಕೆ ಸುಂಕದ ಜಕ್ಕಾಯನ ಕಥೆ ಸಾಕು. ಏಸು ಮನೆಗೆ ಬಂದ ದಿನ ಆತ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಹುಡುಗನೂ ಮೇಷ್ಟರ ಬಳಿ ಹೋಗಿ ಹೇಳಬೇಕಾದೀತು, ಶಿಕ್ಷೆಯಾದರೆ ತಾಳಬೇಕಾದೀತು. ಆಗ ತಾಯ್ತಂದೆ ಜೊತೆಯಲ್ಲಿ ಹೋಗಿ ನಿಂತರೆ, ತಾನಿನ್ನೂ ಆ ಮನೆಯ ಮಗನೇ ಎಂಬುದು ಅವನಿಗೆ ತಿಳಿಯುತ್ತದೆ. ತಪ್ಪು ಮಾಡಿದವನು ಮಗನಲ್ಲದೆ ಹೋಗುವುದಿಲ್ಲ. ಮಗನಾದ ಮಾತ್ರಕ್ಕೆ ತಪ್ಪು ಸರಿಯಾಗುವುದೂ ಇಲ್ಲ. ರಕ್ಷಣೆ ಹೊಂದಿದ ಪಾಪಿ ಎಂದರೆ ಇಷ್ಟೇ.

ನಮ್ಮ ಕನ್ನಡದಲ್ಲಿ ‘ಪಾಪ’ ಎಂಬ ಒಂದೇ ಮಾತಿಗೆ ಎರಡು ಬಳಕೆಯಿದೆ. ಮಾಡಬಾರದ್ದನ್ನು ಮಾಡಿದರೆ ಅದು ಪಾಪ. ನೊಂದವನನ್ನು ಕಂಡಾಗ ನಮ್ಮ ಬಾಯಿಂದ ತಾನಾಗಿ ಬರುವುದೂ ಅದೇ ಮಾತು: “ಅಯ್ಯೋ, ಪಾಪ!” ಕೋಳಿ ಕೂಗಿದ ಹೊತ್ತಿನಲ್ಲಿ ಏಸು ತಿರುಗಿ ಪೇತ್ರನನ್ನು ನೋಡಿದ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಆ ನೋಟದಲ್ಲಿ ಈ ಎರಡು ಅರ್ಥಗಳೂ ಇದ್ದಿರಬೇಕು.