ಪ್ರಜೆ ಎಂದರೆ ಯಾರು?

ಕಳೆದ ತಿಂಗಳು ನಮ್ಮ ಶಾಲಾ ನಾಯಕನ ಚುನಾವಣೆ ಆಯಿತಲ್ಲ, ಆಗ ಚೀಟಿ ಎಣಿಸುವಾಗ ಆರನೆಯ ತರಗತಿಯ ಒಬ್ಬ, "ಹತ್ತನೆಯವರ ಓಟಿಗೆ ಹೆಚ್ಚು ಬೆಲೆ ಉಂಟಾ ಸರ್?" ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ಅದು ನಗುವಂಥ ಪ್ರಶ್ನೆಯಲ್ಲ. ನಮ್ಮ ಮಂಗಳೂರಿನಲ್ಲಿಯೇ ಎಲ್ಲರಿಗೂ ಓಟು ಸಿಕ್ಕಿ ಇನ್ನೂ ನೂರು ವರ್ಷ ಆಗಿಲ್ಲ, ಗೊತ್ತುಂಟಾ?

ಕೆಳದಿ ನಾಯಕರು ಹೋದರು, 1763ರಲ್ಲಿ ಹೈದರಾಲಿ ಬಂದ, ಟಿಪ್ಪುವಿನ ನಂತರ 1799ರಲ್ಲಿ ಇಂಗ್ಲಿಷ್ ಕಂಪೆನಿ ಬಂತು. ಯಾರು ಬೇಕು ಎಂದು ಪ್ರಜೆಗಳನ್ನು ಯಾರೂ ಕೇಳಲಿಲ್ಲ. ತೆರಿಗೆ ಇನ್ನು ಯಾರಿಗೆ ಕಟ್ಟಬೇಕು ಎಂದು ಮಾತ್ರ ತಿಳಿಸಿದರು.

1834ರಲ್ಲಿ ಕೊಡಗಿನ ಅರಸನನ್ನು ಇಳಿಸಿದ ಕಂಪೆನಿಯವರು ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲೇ ಕಟ್ಟಬೇಕಾಯಿತು. ರೈತನ ಕೈಯಲ್ಲಿ ಹಣ ಎಲ್ಲಿಂದ ಬರಬೇಕು? 1837ರ ಏಪ್ರಿಲ್‌ನಲ್ಲಿ ಅವರು ದಂಡು ಕಟ್ಟಿ ಮಂಗಳೂರಿಗೇ ಬಂದು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ಹಿಡಿದು ಗಲ್ಲಿಗೇರಿಸಿದರು. ನನಗೆ ಆಶ್ಚರ್ಯವಾಗುವುದು ಏನೆಂದರೆ, ಅಷ್ಟು ಧೈರ್ಯದವರು ಕೂಡ ಕೇಳಿದ್ದು ಹಿಂದಿನ ಅರಸುಮನೆತನವನ್ನೇ. ತಾವೇ ಆಳಬಹುದೆಂಬ ಯೋಚನೆ ಆಗ ಇರಲಿಲ್ಲ.

ಓಟು ಬಂದದ್ದೂ ಸ್ವಲ್ಪ ಸ್ವಲ್ಪವಾಗಿ. ಮೊದಲು ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಮದರಾಸು ಪ್ರಾಂತ್ಯದಲ್ಲಿ 1921ರಲ್ಲಿ ಹೆಂಗಸರಿಗೂ ಸಿಕ್ಕಿತು, ಅದೂ ಆಸ್ತಿ ಇದ್ದವರಿಗೇ. 1926ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸಿನ ಶಾಸನಸಭೆಗೆ ಸ್ಪರ್ಧಿಸಿ ಸ್ವಲ್ಪದರಲ್ಲಿ ಸೋತರು.

ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾಯರೂ ಮಂಗಳೂರಿನವರೇ. ಅಂಬೇಡ್ಕರರ ಸಮಿತಿ ಅದನ್ನು ತಿದ್ದಿ ಬೆಳೆಸಿತು. 1950ರಿಂದ 21 ವರ್ಷ ತುಂಬಿದ ಎಲ್ಲರಿಗೂ ಓಟು. (18 ಆದದ್ದು 1989ರಲ್ಲಿ.)

1952ರ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟಿದ್ದರು. ನನ್ನ ಮುತ್ತಜ್ಜ ಧಣಿಗಳು ಹೇಳಿದ ಗುರುತಿನ ಪೆಟ್ಟಿಗೆಗೇ ಚೀಟಿ ಹಾಕಿ ಬಂದರಂತೆ. ಗದ್ದೆ ಧಣಿಗಳದ್ದು, ಗೇಣಿಗೆ ಅಕ್ಕಿಮುಡಿ ಹೊರುವವರು ಇವರು, ಮತ್ತೇನು ಮಾಡುವುದು? 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗಲೂ, "ಅವರ ಅನ್ನ ತಿಂದವರು ನಾವು, ಡಿಕ್ಲರೇಶನ್ ಹಾಕುವುದು ಬೇಡ" ಎಂದರಂತೆ. ಅಜ್ಜ ಕೇಳಲಿಲ್ಲ, ಹಾಕಿದರು. ಅದುವರೆಗೆ ಅಂಗಳದಲ್ಲಿ ನಿಂತೇ ಧಣಿಗಳ ಹತ್ತಿರ ಮಾತಾಡುತ್ತಿದ್ದವರು, ಭೂನ್ಯಾಯಮಂಡಳಿಯಲ್ಲಿ ಅವರೆದುರು ಬೆಂಚಿನಲ್ಲಿ ಕೂತರು. "ಕಾಲು ನಡುಗ್ತಿತ್ತು, ಆದ್ರೂ ಏಳ್ಲಿಲ್ಲ" ಎಂದು ಅಜ್ಜ ಈಗಲೂ ಹೇಳುತ್ತಾರೆ.