ಜಿಪಿಎಸ್ ಸಾಧನ: ಒಳಗಿನ ನಕ್ಷೆ ಎಷ್ಟು ಹಳೆಯದು?

ಅಮೆರಿಕವು ನಾಗರಿಕ ಬಳಕೆಯ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ವಾಹನದ ಗಾಜಿಗೆ ಅಂಟಿಸುವ ಪುಟ್ಟ ಮಾರ್ಗದರ್ಶಿ ಸಾಧನಗಳು ನಿಜಕ್ಕೂ ಉಪಯುಕ್ತವಾದದ್ದು ಆ ಬಳಿಕವೇ. ಮೊಬೈಲ್ ಫೋನುಗಳು ಆ ಕೆಲಸವನ್ನು ವಹಿಸಿಕೊಂಡ ಮೇಲೂ ಇವು ವ್ಯರ್ಥವಾಗಿಲ್ಲ. ನಕ್ಷೆಯು ಸಾಧನದೊಳಗೇ ಇರುವುದರಿಂದ, ಫೋನು ಮೂಕವಾಗುವ ಘಟ್ಟದ ತಿರುವುಗಳಲ್ಲಿಯೂ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ಇವು ದಾರಿ ತೋರುತ್ತವೆ.

ಆದರೆ ನಕ್ಷೆ ಹಳತಾದರೆ ಈ ಗುಣವೇ ತೊಡಕಾಗುತ್ತದೆ. ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳು ಬಂದವು. ಅದಕ್ಕೂ ಹಿಂದಿನ ನಕ್ಷೆಯಲ್ಲಿ 48 ಎಂದರೆ ಬೆಂಗಳೂರಿನಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ರಸ್ತೆ. ಇಂದು ಅದು 75. ಈಗಿನ 48 ತುಮಕೂರು, ಹುಬ್ಬಳ್ಳಿಗಳ ಮೇಲೆ ಪುಣೆಯತ್ತ ಸಾಗುತ್ತದೆ. ಬಂದರಿಗೆ ಸರಕು ಕಳುಹಿಸುವ ಮಾಲೀಕರು ಚಾಲಕನಿಗೆ ಹೆದ್ದಾರಿಯ ಸಂಖ್ಯೆಗಿಂತ ನಡುವಣ ಊರುಗಳ ಹೆಸರು ಹೇಳುವುದೇ ಲೇಸು.

ಹಳೆಯ ಸಾಧನವನ್ನು ಕೊಳ್ಳುವವರು ಬಯಲಿನಲ್ಲಿಟ್ಟು ದಿನಾಂಕವನ್ನೂ ಪರೀಕ್ಷಿಸಬೇಕು. 1,024 ವಾರಗಳಿಗೊಮ್ಮೆ ಮರುಕಳಿಸುವ ಜಿಪಿಎಸ್ ವಾರದೆಣಿಕೆ 2019ರ ಏಪ್ರಿಲ್‌ನಲ್ಲಿ ಸೊನ್ನೆಗೆ ಮರಳಿದಾಗ, ತಂತ್ರಾಂಶ ನವೀಕರಿಸದ ಕೆಲವು ಸಾಧನಗಳು ದಿಕ್ಕೆಟ್ಟವು. ಇನ್ನು, ಕಾರಿಗೆಂದು ರೂಪಿಸಿದ ಸಾಮಾನ್ಯ ಮಾದರಿಗಳು ಲಾರಿಯ ಎತ್ತರ, ತೂಕಗಳನ್ನು ಲೆಕ್ಕಿಸುವುದಿಲ್ಲ. ಹತ್ತಿರದ ದಾರಿಯೆಂದು ಅವು ತೋರಿಸುವಲ್ಲಿ ರೈಲ್ವೆ ಕೆಳಸೇತುವೆಯೊಂದು ಅಡ್ಡವಾದರೆ, ತುಂಬಿದ ಲಾರಿಯನ್ನು ಹಿಮ್ಮುಖವಾಗಿ ಹೊರತರುವ ಕಷ್ಟ ಚಾಲಕನದೇ.