ಹೋದರೆ ವಾಪಸ್ ಬರಬಹುದೇ?

ಪ್ರಶ್ನೆ: ಒನ್‌ವೇ ರಸ್ತೆಗಳ ಊರಿನಲ್ಲಿ ಪರಸ್ಪರ ಹೋಗಿಬರಬಹುದಾದ ಚೌಕಗಳ ಗುಂಪುಗಳನ್ನು ಹುಡುಕುವುದು ಹೇಗೆ? ವೇರಿಯೇಬಲ್ ಬದಲಿಸಲು ಬಿಡದ ಹ್ಯಾಸ್ಕೆಲ್‌ನಲ್ಲಿ ಇದಾಗುತ್ತದೆಯೇ?
– ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಆಗುತ್ತದೆ. ಸೊಲ್ಲಾಪುರದ ಚೌಕಗಳನ್ನು ಬಿಂದುಗಳೆಂದೂ ರಸ್ತೆಗಳನ್ನು ಬಾಣಗಳೆಂದೂ ಇಟ್ಟುಕೊಳ್ಳಿ. ಎಸ್. ರಾವ್ ಕೊಸರಾಜು 1978ರಲ್ಲಿ ತೋರಿಸಿದ ದಾರಿಯಿದು: ಬಾಣಗಳನ್ನೆಲ್ಲ ತಿರುವುಮುರುವು ಮಾಡಿ, ಸಿಕ್ಕ ದಾರಿ ಹಿಡಿದು ಆಳಕ್ಕಿಳಿಯುತ್ತ ಊರೆಲ್ಲ ಸುತ್ತಿ. ಮುಂದೆ ಹೊಸ ಚೌಕವಿಲ್ಲವೆಂದು ಹಿಂದಿರುಗಿದ ಕ್ರಮವನ್ನು ಬರೆದಿಡಿ. ಆ ಪಟ್ಟಿಯ ಕೊನೆಯಿಂದ ಶುರುಮಾಡಿ ಮೂಲ ಬಾಣಗಳ ಮೇಲೆ ಮತ್ತೆ ಸುತ್ತಿ. ಒಂದೊಂದು ಸುತ್ತಿಗೆ ಸಿಕ್ಕ ಹೊಸ ಚೌಕಗಳೇ ಒಂದೊಂದು ಗುಂಪು.

ಡೇವಿಡ್ ಕಿಂಗ್ ಮತ್ತು ಜಾನ್ ಲಾಂಚ್‌ಬರಿ 1995ರಲ್ಲಿ ಇದನ್ನು ಹ್ಯಾಸ್ಕೆಲ್‌ನ ಒಂದೇ ಸಾಲಿಗಿಳಿಸಿದರು. ನೋಡಿದ ಚೌಕಕ್ಕೆ ಗುರುತು ಹಾಕಲು ಮಾತ್ರ ಒಳಗೊಳಗೇ ಬದಲಾಗುವ ಅರೇ ಇದೆ (ಮಡಿವಂತರು ಕ್ಷಮಿಸಲಿ!). ಅದರಿಂದಲೇ ಚೌಕ, ರಸ್ತೆಗಳ ಒಟ್ಟು ಸಂಖ್ಯೆಗೆ ತಕ್ಕಷ್ಟೇ ಸಮಯ ಸಾಕಾಗುತ್ತದೆ.